ಸಿಐ ಯಾಕೆ ಇಷ್ಟು ನಿಧಾನ? ದೊಡ್ಡ ವೈಜ್ಞಾನಿಕ ಸಾಫ್ಟ್‌ವೇರ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ ಎರಡು ಗಂಟೆ ಆಯಿತು. ಸಿಐ, ಅಂದರೆ ಪ್ರತಿ ಬದಲಾವಣೆಯನ್ನೂ ತಾನಾಗಿ ಬಿಲ್ಡ್ ಮಾಡಿ ಟೆಸ್ಟ್ ಓಡಿಸುವ ವ್ಯವಸ್ಥೆ, ಇನ್ನೂ ಮುಗಿಸಿಲ್ಲ. ಹಳದಿ ಚುಕ್ಕೆ ಇನ್ನೂ ತಿರುಗುತ್ತಲೇ ಇದೆ. ಕೊನೆಗೆ ಕೆಂಪು ಬಂತು, ಅದೂ ನೀವು ಮುಟ್ಟದೇ ಇರುವ ಫೈಲಿನ ಟೆಸ್ಟ್‌ಗೆ. ಮತ್ತೆ ಓಡಿಸಿದರೆ ಹಸಿರು. ಸಿ++, ಫೋರ್‌ಟ್ರಾನ್, ಪೈಥಾನ್ ಮೂರೂ ಕಲೆತಿರುವ ಸಿಮ್ಯುಲೇಷನ್ ಕೋಡ್ ಮೇಲೆ ಕೆಲಸ ಮಾಡುವವರಿಗೆ ಇದು ದಿನದ ಪಾಡು.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ದೊಡ್ಡ ಮಷಿನ್. ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ನೋಡಿದ ನಿಧಾನದ ಸಿಐಗಳಲ್ಲಿ ಹೆಚ್ಚಿನವು ನಿನ್ನೆ ಮಾಡಿದ ಕೆಲಸವನ್ನೇ ಇವತ್ತು ಮತ್ತೆ ಮೊದಲಿಂದ ಮಾಡುತ್ತಿದ್ದವು. ಅಂಥ ಕಡೆ ದೊಡ್ಡ ಮಷಿನ್ ಕೊಟ್ಟರೆ ಅದೇ ದಂಡದ ಕೆಲಸ ಸ್ವಲ್ಪ ಬೇಗ ಮುಗಿಯುತ್ತದೆ, ಅಷ್ಟೇ.

## ಏನನ್ನೂ ಮುಟ್ಟುವ ಮೊದಲು

ಇತ್ತೀಚಿನ ಹತ್ತು ರನ್‌ಗಳನ್ನು ತೆರೆಯಿರಿ. ಪ್ರತಿಯೊಂದಕ್ಕೂ ನಾಲ್ಕು ಸಂಖ್ಯೆ ಬರೆದುಕೊಳ್ಳಿ: ಕ್ಯೂನಲ್ಲಿ ಕಾದದ್ದು ಎಷ್ಟು, ಕೋಡ್ ಮತ್ತು ಡಿಪೆಂಡೆನ್ಸಿ (ಕೋಡ್‌ಗೆ ಬೇಕಾದ ಹೊರಗಿನ ಲೈಬ್ರರಿ) ತರಲು ಹಿಡಿದದ್ದು ಎಷ್ಟು, ಬಿಲ್ಡ್ ಎಷ್ಟು, ಟೆಸ್ಟ್ ಎಷ್ಟು. ಲಾಗ್‌ನ ಸಾಲುಗಳಲ್ಲೇ ಟೈಮ್‌ಸ್ಟ್ಯಾಂಪ್ ಸಿಗುತ್ತದೆ, ಬೇರೆ ಟೂಲ್ ಬೇಡ. ಯಾವ ಸಂಖ್ಯೆ ದೊಡ್ಡದೋ ಕೆಳಗಿನ ಆ ಭಾಗಕ್ಕೆ ನೇರ ಹೋಗಿ. ನಾನು ಒಮ್ಮೆ ಹತ್ತು ನಿಮಿಷದ ಬಿಲ್ಡನ್ನು ಐದಕ್ಕೆ ಇಳಿಸಲು ಒಂದು ವಾರ ಹೆಣಗಿದೆ. ಆಮೇಲೆ ನೋಡಿದರೆ ಪ್ರತಿ ರನ್ ನಲವತ್ತು ನಿಮಿಷ ಕ್ಯೂನಲ್ಲೇ ಕಳೆಯುತ್ತಿತ್ತು. ಆ ವಾರ ಇನ್ನೂ ನೆನಪಿದೆ.

## ಲಕ್ಷಣ: ಜಾಬ್ ಶುರುವೇ ಆಗುವುದಿಲ್ಲ, ಕ್ಯೂನಲ್ಲೇ ನಿಂತಿದೆ

ಇರುವ ರನ್ನರ್‌ಗಳಿಗಿಂತ, ಅಂದರೆ ಜಾಬ್ ಓಡಿಸುವ ಮಷಿನ್‌ಗಳಿಗಿಂತ, ನೀವು ಕೇಳುತ್ತಿರುವ ಜಾಬ್ ಜಾಸ್ತಿ ಎಂದು ಅರ್ಥ.

ಮೊದಲು ಹಳೆಯ ರನ್‌ಗಳನ್ನು ನೋಡಿ. ಒಬ್ಬರು ಒಂದೇ ಬ್ರಾಂಚ್‌ಗೆ ಹತ್ತು ನಿಮಿಷದಲ್ಲಿ ಮೂರು ಕಮಿಟ್ ತಳ್ಳಿದರೆ ಮೂರೂ ಪೂರ್ತಿ ಓಡುತ್ತಿವೆಯಾ? ಮೊದಲ ಎರಡರ ಫಲಿತಾಂಶ ಯಾರಿಗೂ ಬೇಡ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ‘ಕನ್‌ಕರೆನ್ಸಿ’ ಗುಂಪು ಕೊಟ್ಟು ‘ಕ್ಯಾನ್ಸಲ್ ಇನ್ ಪ್ರೋಗ್ರೆಸ್’ ಆನ್ ಮಾಡಿ. ಗಿಟ್‌ಲ್ಯಾಬ್‌ನಲ್ಲಿ ಇದಕ್ಕೆ ‘ಇಂಟರಪ್ಟಿಬಲ್’ ಎಂಬ ಆಯ್ಕೆ ಇದೆ. ಮೂರ್ನಾಲ್ಕು ಸಾಲಿನ ಕೆಲಸ. ಮುಖ್ಯ ಬ್ರಾಂಚ್‌ಗೆ ಮಾತ್ರ ಹಾಕಬೇಡಿ. ಅಲ್ಲಿ ಪ್ರತಿ ಕಮಿಟ್‌ನ ಫಲಿತಾಂಶ ಉಳಿದಿದ್ದರೆ ಮುಂದೊಂದು ದಿನ ದೋಷ ಎಲ್ಲಿಂದ ಬಂತು ಎಂದು ಹುಡುಕುವುದು ಸುಲಭ.

ಆಮೇಲೆ ಮ್ಯಾಟ್ರಿಕ್ಸ್ (ಯಾವ ಯಾವ ಜೋಡಣೆಯಲ್ಲಿ ಟೆಸ್ಟ್ ಓಡಬೇಕು ಎಂಬ ಪಟ್ಟಿ) ಎಣಿಸಿ. ಮೂರು ಆಪರೇಟಿಂಗ್ ಸಿಸ್ಟಂ, ನಾಲ್ಕು ಕಂಪೈಲರ್, ಮೂರು ಪೈಥಾನ್, ಎರಡು ಎಂಪಿಐ (ಅನೇಕ ಪ್ರೊಸೆಸ್‌ಗಳು ಸಂದೇಶ ಕಳಿಸಿಕೊಂಡು ಒಟ್ಟಿಗೆ ಓಡಲು ಬಳಸುವ ಲೈಬ್ರರಿ) ಅಂದರೆ 72 ಜಾಬ್. ಗಿಟ್‌ಹಬ್‌ನ ಉಚಿತ ಪ್ಲಾನ್‌ನಲ್ಲಿ ಒಮ್ಮೆಗೆ 20 ಜಾಬ್ ಓಡುತ್ತವೆ. ಒಂದೇ ಪುಲ್ ರಿಕ್ವೆಸ್ಟ್‌ಗೆ ಕನಿಷ್ಠ ನಾಲ್ಕು ಸರದಿ ಬೇಕು, ಉಳಿದವರು ಅದರ ಹಿಂದೆ ನಿಲ್ಲಬೇಕು. ಇಷ್ಟೂ ಜೋಡಣೆ ಪ್ರತಿ ಸಲ ಬೇಕಾ? ಬೇಡ. ಯಾವುದೇ ಎರಡು ಆಯ್ಕೆಗಳು ಎಲ್ಲೋ ಒಂದು ಜಾಬ್‌ನಲ್ಲಿ ಜತೆಯಾದರೆ ಸಾಕು ಎಂದುಕೊಂಡರೆ ಈ 72ನ್ನು 12ಕ್ಕೆ ಇಳಿಸಬಹುದು. ಕಾಗದದ ಮೇಲೆ ಕೋಷ್ಟಕ ಬರೆದು ನೋಡಿ, ನಿಜಕ್ಕೂ 12ರಲ್ಲಿ ಕೂರುತ್ತದೆ. ಪೂರ್ತಿ 72 ರಾತ್ರಿ ಹೊತ್ತು ಮುಖ್ಯ ಬ್ರಾಂಚ್ ಮೇಲೆ ಓಡಲಿ.

ಮೂರನೆಯದು, ದಾಖಲೆಯ ಒಂದು ಅಕ್ಷರ ತಿದ್ದಿದರೂ ಇಡೀ ಬಿಲ್ಡ್ ನಡೆಯುತ್ತಿದೆಯಾ ನೋಡಿ. ಯಾವ ಫೈಲ್ ಬದಲಾದರೆ ಯಾವ ಜಾಬ್ ಎಂದು ಪಾತ್ ಫಿಲ್ಟರ್ ಹಾಕಬಹುದು. ಇದರಲ್ಲಿ ಒಂದು ಹಳ್ಳ ಇದೆ. ಮರ್ಜ್‌ಗೆ ಕಡ್ಡಾಯ ಎಂದು ಗುರುತಿಸಿದ ವರ್ಕ್‌ಫ್ಲೋ ಪಾತ್ ಫಿಲ್ಟರ್‌ನಿಂದ ಓಡದೇ ಹೋದರೆ, ಅದರ ಚೆಕ್ ‘ಪೆಂಡಿಂಗ್’ ಆಗಿಯೇ ಉಳಿದು ಮರ್ಜ್ ಬಟನ್ ತೆರೆಯುವುದೇ ಇಲ್ಲ. ವರ್ಕ್‌ಫ್ಲೋ ಯಾವಾಗಲೂ ಓಡಲಿ, ಒಳಗಿನ ಭಾರದ ಜಾಬ್‌ಗೆ ಮಾತ್ರ ಷರತ್ತು ಹಾಕಿ. ಷರತ್ತಿನಿಂದ ಬಿಟ್ಟುಹೋದ ಜಾಬನ್ನು ಗಿಟ್‌ಹಬ್ ಪಾಸ್ ಎಂದೇ ಎಣಿಸುತ್ತದೆ.

ಎಚ್ಚರಿಕೆ. ‘ಏನು ಬದಲಾಯಿತು’ ಎಂದು ಹೇಳುವ ಕೆಲಸಕ್ಕೆ ಅನೇಕರು ಬೇರೆಯವರು ಬರೆದ ಆಕ್ಷನ್ (ವರ್ಕ್‌ಫ್ಲೋಗೆ ಸೇರಿಸಿಕೊಳ್ಳುವ ಸಿದ್ಧ ತುಣುಕು) ಬಳಸುತ್ತಾರೆ. 2025ರ ಮಾರ್ಚ್‌ನಲ್ಲಿ ಇಂಥದ್ದೇ ಒಂದು, ‘ಟಿಜೆ-ಆಕ್ಷನ್ಸ್’ನ ‘ಚೇಂಜ್ಡ್-ಫೈಲ್ಸ್’, ದಾಳಿಕೋರರ ಕೈಗೆ ಸಿಕ್ಕಿತು. 23,000ಕ್ಕೂ ಹೆಚ್ಚು ರೆಪೊಸಿಟರಿಗಳು ಅದನ್ನು ಬಳಸುತ್ತಿದ್ದವು. ಹಳೆಯ ವರ್ಷನ್ ಟ್ಯಾಗ್‌ಗಳನ್ನೇ ಕೆಟ್ಟ ಕಮಿಟ್‌ಗೆ ತಿರುಗಿಸಿದ್ದರಿಂದ ಸೀಕ್ರೆಟ್‌ಗಳು (ಪಾಸ್‌ವರ್ಡ್, ಕೀ ಥರದವು) ಬಿಲ್ಡ್ ಲಾಗ್‌ನಲ್ಲಿ ಅಚ್ಚಾದವು. ಹೊರಗಿನ ಆಕ್ಷನ್ ಬಳಸುವಾಗ ಟ್ಯಾಗ್ ಬದಲು ಪೂರ್ತಿ ಕಮಿಟ್ ಹ್ಯಾಶ್ (ಒಳಗಿನ ಸರಕಿನಿಂದಲೇ ಲೆಕ್ಕ ಹಾಕಿದ ಗುರುತು) ಬರೆಯಿರಿ.

## ಲಕ್ಷಣ: ಕೋಡ್ ಇಳಿಸಿಕೊಳ್ಳುವುದಕ್ಕೇ ಹತ್ತು ನಿಮಿಷ

ಎಂದೋ ಯಾರೋ ಕಮಿಟ್ ಮಾಡಿದ ದೊಡ್ಡ ಮೆಶ್ ಫೈಲನ್ನು ಅಳಿಸಿದ್ದರೂ ಅದು ಗಿಟ್ ಇತಿಹಾಸದಲ್ಲಿ ಕೂತೇ ಇರುತ್ತದೆ. ಗಿಟ್‌ಹಬ್‌ನ ಚೆಕ್‌ಔಟ್ ಆಕ್ಷನ್ ತಾನಾಗಿ ಕೊನೆಯ ಒಂದು ಕಮಿಟ್ ಮಾತ್ರ ತರುತ್ತದೆ. ನಿಮ್ಮಲ್ಲಿ ಪೂರ್ತಿ ಇತಿಹಾಸ ಬರುತ್ತಿದ್ದರೆ ಯಾರೋ ಬೇಕೆಂದೇ ಹಾಗೆ ಮಾಡಿದ್ದಾರೆ. ತೆಗೆಯುವ ಮೊದಲು ಯಾಕೆ ಎಂದು ಹುಡುಕಿ. ಸಾಮಾನ್ಯ ಕಾರಣ ವರ್ಷನ್ ಸಂಖ್ಯೆ: ಸೆಟಪ್‌ಟೂಲ್ಸ್-ಎಸ್‌ಸಿಎಂ ಥರದ ಟೂಲ್ ಗಿಟ್ ಟ್ಯಾಗ್ ಓದಿ ವರ್ಷನ್ ಕೊಡುತ್ತದೆ. ಟ್ಯಾಗ್ ಸಿಗದಿದ್ದರೆ ವಿಚಿತ್ರ ಸಂಖ್ಯೆ ಬಂದು, ಅದನ್ನು ಅವಲಂಬಿಸಿದ ಪ್ಯಾಕೇಜ್ ‘ವರ್ಷನ್ ಹಳೆಯದು’ ಎಂದು ತಕರಾರು ತೆಗೆಯುತ್ತದೆ. ಇದಕ್ಕೆ ನಡುವಿನ ದಾರಿ ಬ್ಲಾಬ್ ಇಲ್ಲದ ಭಾಗಶಃ ಕ್ಲೋನ್. ಕಮಿಟ್‌ಗಳೂ ಟ್ಯಾಗ್‌ಗಳೂ ಬರುತ್ತವೆ, ಹಳೆಯ ಫೈಲ್‌ಗಳ ಒಳಗಿನ ಸರಕು ಬರುವುದಿಲ್ಲ.

ಟೆಸ್ಟ್ ಡೇಟಾ ರೆಪೊಸಿಟರಿಯ ಹೊರಗಿರಲಿ. ಫೈಲಿನ ಹ್ಯಾಶ್ ಪಟ್ಟಿ ಮಾತ್ರ ಒಳಗಿದ್ದರೆ ಸಾಕು. ಪೈಥಾನ್‌ಗೆ ಪೂಚ್ ಇದೆ (ಸೈಪೈನ ಡೇಟಾಸೆಟ್ ಭಾಗ ಅದನ್ನೇ ಬಳಸುತ್ತದೆ), ಸಿಮೇಕ್‌ನಲ್ಲಿ ಎಕ್ಸ್‌ಟರ್ನಲ್‌ಡೇಟಾ ಇದೆ. ಆ ಪಟ್ಟಿಯ ಹ್ಯಾಶನ್ನೇ ಕ್ಯಾಶ್ (ಮುಂದಿನ ರನ್‌ಗೆ ಉಳಿಸಿಟ್ಟ ಸರಕು) ಹುಡುಕುವ ಕೀ ಮಾಡಿದರೆ ಡೇಟಾ ಬದಲಾದಾಗ ಮಾತ್ರ ಮತ್ತೆ ಇಳಿಯುತ್ತದೆ.

## ಲಕ್ಷಣ: ಒಂದು ಸಾಲು ತಿದ್ದಿದರೂ ಎಲ್ಲವೂ ಮತ್ತೆ ಕಂಪೈಲ್ ಆಗುತ್ತದೆ

ಹೆಚ್ಚು ಸಮಯ ಸೋರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ತುಂಬ ಜನ ಬಿಲ್ಡ್ ಫೋಲ್ಡರನ್ನೇ ಕ್ಯಾಶ್ ಮಾಡಿ, ಆಮೇಲೆ ಏನೂ ಲಾಭವಾಗಲಿಲ್ಲ ಎನ್ನುತ್ತಾರೆ. ಕಾರಣ ಇದು: ಮೇಕ್ ಮತ್ತು ನಿಂಜಾ ಎಂಬ ಬಿಲ್ಡ್ ಟೂಲ್‌ಗಳು ಫೈಲಿನ ಸಮಯ ನೋಡಿ ಯಾವುದು ಹೊಸದು ಎಂದು ನಿರ್ಧರಿಸುತ್ತವೆ. ಗಿಟ್ ಚೆಕ್‌ಔಟ್ ಮಾಡಿದಾಗ ಎಲ್ಲ ಫೈಲ್‌ಗೂ ‘ಈಗ’ ಎಂಬ ಸಮಯ ಬೀಳುತ್ತದೆ. ಹಳೆಯ ಆಬ್ಜೆಕ್ಟ್ ಫೈಲ್‌ಗಿಂತ ಎಲ್ಲ ಸೋರ್ಸ್‌ಗಳೂ ಹೊಸವು! ಪೂರ್ತಿ ಬಿಲ್ಡ್ ಆಗದೆ ಇನ್ನೇನು?

ಇಲ್ಲಿ ಬೇಕಾದ್ದು ಸಮಯ ನೋಡದೆ ಒಳಗಿನ ಕೋಡ್ ನೋಡಿ, ಅದು ಬದಲಾಗದಿದ್ದರೆ ಹಿಂದೆ ಕಂಪೈಲ್ ಮಾಡಿದ್ದನ್ನೇ ಕೊಡುವ ಸಿಸಿಕ್ಯಾಶ್. ಆಂಡ್ರ್ಯೂ ಟ್ರಿಜೆಲ್ 2002ರಲ್ಲಿ ಶುರು ಮಾಡಿದ ಟೂಲ್, ಇವತ್ತಿಗೂ ಇದಕ್ಕಿಂತ ಕಡಿಮೆ ಶ್ರಮದ ಉಪಾಯ ನನಗೆ ಕಂಡಿಲ್ಲ. ಸಿಮೇಕ್‌ನಲ್ಲಿ ಕಂಪೈಲರ್ ಲಾಂಚರ್ ಎಂದು ಕೊಟ್ಟರೆ ಮುಗಿಯಿತು.

ಹಾಕಿದ ಮೇಲೆ ಸುಮ್ನೆ ನಂಬಬೇಡಿ. ಬಿಲ್ಡ್‌ಗೆ ಮೊದಲು ಅದರ ಅಂಕಿ ಅಂಶ ಸೊನ್ನೆ ಮಾಡಿ, ಬಿಲ್ಡ್ ಆದ ಮೇಲೆ ಅಚ್ಚು ಹಾಕಿಸಿ. ಸೊನ್ನೆ ಮಾಡದಿದ್ದರೆ ಹಳೆಯ ರನ್‌ಗಳ ಲೆಕ್ಕವೂ ಸೇರಿ ದಾರಿ ತಪ್ಪಿಸುತ್ತದೆ. ಏನೂ ಬದಲಿಸದೆ ಒಂದೇ ಕಮಿಟನ್ನು ಎರಡು ಸಲ ಓಡಿಸಿ. ಎರಡನೇ ಸಲ ಹೆಚ್ಚುಕಡಿಮೆ ಎಲ್ಲವೂ ಕ್ಯಾಶ್‌ನಿಂದ ಸಿಗಬೇಕು. ಸಿಗದಿದ್ದರೆ ಈ ಕ್ರಮದಲ್ಲಿ ನೋಡಿ.

ಕ್ಯಾಶ್ ನಿಜಕ್ಕೂ ಉಳಿಯುತ್ತಿದೆಯಾ? ಗಿಟ್‌ಹಬ್‌ನಲ್ಲಿ ಒಂದು ಕೀಗೆ ಒಮ್ಮೆ ಉಳಿಸಿದ ಕ್ಯಾಶನ್ನು ಮತ್ತೆ ಬದಲಿಸಲಾಗುವುದಿಲ್ಲ. ಕೀ ಬರೀ ‘ಲಿನಕ್ಸ್-ಜಿಸಿಸಿ’ ಎಂದಿದ್ದರೆ ಮೊದಲ ದಿನದ ಕ್ಯಾಶೇ ಕೊನೆವರೆಗೂ ಬರುತ್ತದೆ. ವಾರ ಕಳೆದಂತೆ ನಿಧಾನವಾಗುತ್ತಾ ಹೋಗುವ ಬಿಲ್ಡ್ ಇದರ ಗುರುತು. ಕೀ ಕೊನೆಗೆ ಕಮಿಟ್ ಹ್ಯಾಶ್ ಸೇರಿಸಿ, ವಾಪಸ್ ತರುವಾಗ ಮುಂದಿನ ಭಾಗ ಹೊಂದಿದರೆ ಸಾಕು ಎಂದು ‘ರಿಸ್ಟೋರ್ ಕೀಸ್’ ಕೊಡಿ. ಏಳು ದಿನ ಯಾರೂ ಬಳಸದ ಕ್ಯಾಶ್ ಅಳಿದುಹೋಗುತ್ತದೆ. ಅಲ್ಲದೆ ಒಂದು ಪುಲ್ ರಿಕ್ವೆಸ್ಟ್‌ನ ಕ್ಯಾಶ್ ಇನ್ನೊಂದಕ್ಕೆ ಕಾಣುವುದಿಲ್ಲ, ಮುಖ್ಯ ಬ್ರಾಂಚ್‌ನದ್ದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಕ್ಯಾಶ್ ಉಳಿಸುವ ಕೆಲಸ ಮುಖ್ಯ ಬ್ರಾಂಚ್ ಮಾಡಲಿ, ಉಳಿದವರು ಓದಿಕೊಳ್ಳಲಿ. ಇಲ್ಲದಿದ್ದರೆ ಜಾಗ ತುಂಬಿ ಒಳ್ಳೆಯ ಕ್ಯಾಶೇ ಹೊರಗೆ ಹೋಗುತ್ತದೆ.

ಬಿಲ್ಡ್ ದಿನಾಂಕ ಅಥವಾ ಗಿಟ್ ಹ್ಯಾಶ್ ಎಲ್ಲಾದರೂ ಹೆಡರ್‌ನಲ್ಲಿ ಇದೆಯಾ? ವೈಜ್ಞಾನಿಕ ಕೋಡ್‌ಗಳಲ್ಲಿ ಇದು ಬಹಳ. ಫಲಿತಾಂಶದ ಫೈಲ್‌ನಲ್ಲಿ ಯಾವ ಕಮಿಟ್ ಎಂದು ಬರೆಯಬೇಕು, ಒಳ್ಳೆಯ ಅಭ್ಯಾಸವೇ. ಆದರೆ ಆ ಹೆಡರನ್ನು ಎಲ್ಲ ಫೈಲ್‌ಗಳೂ ಒಳಗೆ ಎಳೆದುಕೊಂಡರೆ ಪ್ರತಿ ಕಮಿಟ್‌ಗೂ ಇಡೀ ಕ್ಯಾಶ್ ವ್ಯರ್ಥ. ಹ್ಯಾಶ್ ಒಂದೇ ಸೋರ್ಸ್ ಫೈಲ್‌ನಲ್ಲಿ ಇರಲಿ, ಹೆಡರ್‌ನಲ್ಲಿ ಅದನ್ನು ಕೊಡುವ ಫಂಕ್ಷನ್‌ನ ಹೆಸರು ಮಾತ್ರ ಇರಲಿ.

ಕಂಟೇನರ್ ಮತ್ತೆ ಕಟ್ಟಿದಾಗೆಲ್ಲ ಕ್ಯಾಶ್ ಖಾಲಿಯಾದಂತೆ ಕಾಣುತ್ತದೆಯಾ? ಸಿಸಿಕ್ಯಾಶ್ ಕಂಪೈಲರ್ ಬದಲಾಯಿತಾ ಎಂದು ತಿಳಿಯಲು ಅದರ ಫೈಲಿನ ಗಾತ್ರ ಮತ್ತು ಸಮಯ ನೋಡುತ್ತದೆ. ‘ಕಂಪೈಲರ್ ಚೆಕ್’ ಸೆಟ್ಟಿಂಗನ್ನು ‘ಕಂಟೆಂಟ್’ ಎಂದು ಬದಲಿಸಿ. ರನ್ನರ್‌ಗೊಂದು ಬೇರೆ ಫೋಲ್ಡರ್ ಹೆಸರು ಇದ್ದರೆ ‘ಬೇಸ್ ಡೈರೆಕ್ಟರಿ’ಯನ್ನೂ ಹೊಂದಿಸಿ.

ಫೋರ್‌ಟ್ರಾನ್‌ಗೆ ಸಿಸಿಕ್ಯಾಶ್ ಕೆಲಸ ಮಾಡುವುದಿಲ್ಲ. ಅಲ್ಲಿ ತೊಂದರೆ ಮಾಡ್ಯೂಲ್‌ಗಳ ಸರಪಳಿ: ತಳದ ಮಾಡ್ಯೂಲ್ ಮುಟ್ಟಿದರೆ ಮೇಲಿನದೆಲ್ಲ ಮತ್ತೆ ಬಿಲ್ಡ್. ಫೋರ್‌ಟ್ರಾನ್ 2008ರ ಸಬ್‌ಮಾಡ್ಯೂಲ್ ಇದಕ್ಕೆಂದೇ ಹೇಳಿ ಮಾಡಿಸಿದಂತಿದೆ. ಇಂಟರ್ಫೇಸ್ ಮಾಡ್ಯೂಲ್‌ನಲ್ಲಿ, ಒಳಗಿನ ಕೋಡ್ ಸಬ್‌ಮಾಡ್ಯೂಲ್‌ನಲ್ಲಿ. ಒಳಗೆ ಏನೇ ತಿದ್ದಿದರೂ ಸರಪಳಿ ಅಲುಗುವುದಿಲ್ಲ.

ಇನ್ನು ಪೆಟ್‌ಎಸ್‌ಸಿ, ಎಚ್‌ಡಿಎಫ್5 ಥರದ ಡಿಪೆಂಡೆನ್ಸಿಗಳನ್ನು ಪ್ರತಿ ಸಲ ಸೋರ್ಸ್‌ನಿಂದ ಕಟ್ಟುತ್ತಿದ್ದರೆ ಇವತ್ತೇ ನಿಲ್ಲಿಸಿ. ಕೋಂಡಾ-ಫೋರ್ಜ್‌ನಿಂದ ಕಟ್ಟಿದ ಪ್ಯಾಕೇಜ್ ತನ್ನಿ, ಇಲ್ಲವೇ ಸ್ಪ್ಯಾಕ್ ಎಂಬ ಪ್ಯಾಕೇಜ್ ಮ್ಯಾನೇಜರ್‌ನ ಬಿಲ್ಡ್ ಕ್ಯಾಶ್ ಬಳಸಿ, ಇಲ್ಲವೇ ವಾರಕ್ಕೊಮ್ಮೆ ಕಂಟೇನರ್ ಇಮೇಜ್ ಕಟ್ಟಿಡಿ. ಮೂರರಲ್ಲಿ ಯಾವುದಾದರೂ ಸರಿ.

ಇಷ್ಟೆಲ್ಲ ಆದ ಮೇಲೂ ಬಿಲ್ಡ್ ಉದ್ದ ಇದ್ದರೆ ಕೋಡ್ ಒಳಗೇ ಇಳಿಯಬೇಕು. ಕ್ಲ್ಯಾಂಗ್ 9ರಿಂದ ‘ಟೈಮ್ ಟ್ರೇಸ್’ ಆಯ್ಕೆ ಇದೆ. ಯಾವ ಹೆಡರ್, ಯಾವ ಟೆಂಪ್ಲೇಟ್ ಎಷ್ಟು ಹೊತ್ತು ತಿಂದಿತು ಎಂದು ಚಿತ್ರದಲ್ಲಿ ತೋರಿಸುತ್ತದೆ. ಒಂದೇ ಟೆಂಪ್ಲೇಟ್ ನೂರು ಫೈಲ್‌ಗಳಲ್ಲಿ ಮತ್ತೆ ಮತ್ತೆ ಬೆಳೆಯುತ್ತಿದ್ದರೆ ಅದನ್ನು ಒಂದು ಕಡೆ ಎಕ್ಸ್‌ಪ್ಲಿಸಿಟ್ ಆಗಿ ಇನ್‌ಸ್ಟಾನ್ಶಿಯೇಟ್ ಮಾಡಿ. ಯೂನಿಟಿ ಬಿಲ್ಡ್ (ಅನೇಕ ಸೋರ್ಸ್ ಫೈಲ್ ಸೇರಿಸಿ ಒಂದಾಗಿ ಕಂಪೈಲ್ ಮಾಡುವುದು) ಮೊದಲ ಬಿಲ್ಡನ್ನು ಬೇಗ ಮಾಡುತ್ತದೆ ನಿಜ. ಆದರೆ ಒಂದು ಫೈಲ್ ಬದಲಾದರೆ ಅದರ ಜತೆ ಕಟ್ಟಿದ ಇಡೀ ಗಂಟು ಮತ್ತೆ ಕಂಪೈಲ್ ಆಗುತ್ತದೆ. ಸಿಸಿಕ್ಯಾಶ್ ಚೆನ್ನಾಗಿ ಓಡುತ್ತಿರುವ ಕಡೆ ನಾನಂತೂ ಹಾಕುವುದಿಲ್ಲ.

## ಲಕ್ಷಣ: ಕಂಪೈಲರ್ ‘ಕಿಲ್ಡ್’ ಎಂದು ಸಾಯುತ್ತದೆ, ಅಥವಾ ಎಗ್ಸಿಟ್ ಕೋಡ್ 137

ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. 137 ಅಂದರೆ 128ಕ್ಕೆ 9 ಸೇರಿದ್ದು, 9 ಅಂದರೆ ಕಿಲ್ ಸಿಗ್ನಲ್. ಬಹುತೇಕ ಸಲ ಮೆಮೊರಿ ಮುಗಿದು ಕರ್ನಲ್ ಕೊಂದಿರುತ್ತದೆ. ಪಬ್ಲಿಕ್ ರೆಪೊಸಿಟರಿಗೆ ಗಿಟ್‌ಹಬ್ ಕೊಡುವ ಸಾಮಾನ್ಯ ಲಿನಕ್ಸ್ ರನ್ನರ್‌ನಲ್ಲಿ 4 ಕೋರ್, 16 ಜಿಬಿ ಮೆಮೊರಿ. ನಿಂಜಾ ತಾನಾಗಿ ಕೋರ್‌ಗಿಂತ ಎರಡು ಹೆಚ್ಚು, ಅಂದರೆ ಆರು ಕೆಲಸ ಒಟ್ಟಿಗೆ ಹಚ್ಚುತ್ತದೆ. ಟೆಂಪ್ಲೇಟ್ ತುಂಬಿದ ಒಂದೊಂದು ಫೈಲ್ 3 ಜಿಬಿ ಕೇಳಿದರೆ ಆರಕ್ಕೆ 18 ಜಿಬಿ. ಮೊದಲು ಒಟ್ಟಿಗೆ ಓಡುವ ಕೆಲಸ ಕಡಿಮೆ ಮಾಡಿ ನೋಡಿ. ಲಿಂಕ್ ಮಾಡುವಾಗ ಮಾತ್ರ ಸಾಯುತ್ತಿದ್ದರೆ ಸಿಮೇಕ್‌ನ ಜಾಬ್ ಪೂಲ್‌ನಿಂದ ಲಿಂಕ್‌ಗಳನ್ನು ಒಂದೊಂದಾಗಿ ಮಾಡಿಸಿ.

ಡಿಸ್ಕ್ ತುಂಬಿದೆ ಎಂಬ ಸಂದೇಶ ಬಂದರೆ ಮೊದಲ ಅನುಮಾನ ಡೀಬಗ್ ಮಾಹಿತಿಯ ಮೇಲೆ. ಸಿಐಗೆ ಸಾಲಿನ ಸಂಖ್ಯೆ ಸಿಕ್ಕರೆ ಸಾಕು, ಡೀಬಗ್ ಮಟ್ಟ 1ಕ್ಕೆ ಇಳಿಸಿ.

## ಲಕ್ಷಣ: ಲ್ಯಾಪ್‌ಟಾಪ್‌ನಲ್ಲಿ ಎರಡು ನಿಮಿಷದ ಟೆಸ್ಟ್, ಸಿಐನಲ್ಲಿ ಇಪ್ಪತ್ತು

ಥ್ರೆಡ್ ಎಣಿಸಿ. ಸಿಮೇಕ್ ಜತೆ ಬರುವ, ಟೆಸ್ಟ್ ಓಡಿಸುವ ಸಿಟೆಸ್ಟ್ ನಾಲ್ಕು ಟೆಸ್ಟ್ ಒಟ್ಟಿಗೆ ಓಡಿಸುತ್ತಿದೆ ಎಂದುಕೊಳ್ಳಿ. ಒಂದೊಂದರಲ್ಲೂ ನಾಲ್ಕು ಎಂಪಿಐ ಪ್ರೊಸೆಸ್, ಅಂದರೆ ರ‍್ಯಾಂಕ್. ಒಂದೊಂದು ರ‍್ಯಾಂಕ್‌ನಲ್ಲೂ ಗಣಿತದ ಲೈಬ್ರರಿ ಓಪನ್‌ಬ್ಲಾಸ್ ನಾಲ್ಕು ಥ್ರೆಡ್ ತೆರೆಯುತ್ತದೆ. ನಾಲ್ಕು ಕೋರ್ ಮೇಲೆ 64 ಥ್ರೆಡ್ ಕಿತ್ತಾಡುತ್ತಿವೆ! ಅದರ ಮೇಲೆ, ಸಂದೇಶಕ್ಕೆ ಕಾಯುವ ಎಂಪಿಐ ರ‍್ಯಾಂಕ್ ಸುಮ್ಮನೆ ಮಲಗುವುದಿಲ್ಲ. ಬಂತಾ ಬಂತಾ ಎಂದು ಕೋರ್ ಪೂರ್ತಿ ಹಿಡಿದುಕೊಂಡೇ ನೋಡುತ್ತಿರುತ್ತದೆ.

‘ಓಎಂಪಿ ನಮ್ ಥ್ರೆಡ್ಸ್’ ಮತ್ತು ‘ಓಪನ್‌ಬ್ಲಾಸ್ ನಮ್ ಥ್ರೆಡ್ಸ್’ ಎರಡನ್ನೂ 1 ಮಾಡಿ ಓಡಿಸಿ ನೋಡಿ. ಕಾಸು ಖರ್ಚಿಲ್ಲದ ಪರೀಕ್ಷೆ, ಎಷ್ಟೋ ಸಲ ಇಷ್ಟರಲ್ಲೇ ಸಮಯ ಕುಸಿಯುತ್ತದೆ. ಆಮೇಲೆ ಸಿಟೆಸ್ಟ್‌ಗೆ ಯಾವ ಟೆಸ್ಟ್ ಎಷ್ಟು ಕೋರ್ ಬಳಸುತ್ತದೆ ಎಂದು ‘ಪ್ರೊಸೆಸರ್ಸ್’ ಗುಣದಲ್ಲಿ ಹೇಳಿ, ಅದು ತಾನೇ ಲೆಕ್ಕ ಹಾಕಿ ಹಚ್ಚುತ್ತದೆ. ಕಂಟೇನರ್‌ಗೆ ಸಿಪಿಯು ಕೋಟಾ ಹಾಕಿದ್ದರೆ ಇನ್ನೊಂದು ಮೋಸ ಇದೆ: ಒಳಗಿನ ಪ್ರೋಗ್ರಾಂಗೆ ಅನೇಕ ಸಲ ಇಡೀ ಮಷಿನ್‌ನ ಕೋರ್‌ಗಳೇ ಕಾಣುತ್ತವೆ. ಸಂಖ್ಯೆಯನ್ನು ನೀವೇ ಕೊಡಿ.

ಇದಾದ ಮೇಲೆ ಪೈಥಾನ್ ಟೆಸ್ಟ್ ಓಡಿಸುವ ಪೈಟೆಸ್ಟ್‌ನ ‘ಡ್ಯುರೇಷನ್ಸ್’ ಆಯ್ಕೆಯಿಂದ ನಿಧಾನದ ಇಪ್ಪತ್ತು ಟೆಸ್ಟ್ ಪಟ್ಟಿ ಮಾಡಿ. ದೊಡ್ಡ ಗ್ರಿಡ್ ಬೇಕಾಗಿಯೇ ಇದೆಯಾ, ಚಿಕ್ಕದರಲ್ಲಿ ಅದೇ ದೋಷ ಸಿಕ್ಕಿಬೀಳುತ್ತದಾ? ಈ ಪ್ರಶ್ನೆಗೆ ಆ ಭೌತಶಾಸ್ತ್ರ ಬರೆದವರೇ ಉತ್ತರಿಸಬೇಕು, ಸಿಐ ನೋಡಿಕೊಳ್ಳುವವರು ತಾವಾಗಿ ಗ್ರಿಡ್ ಕುಗ್ಗಿಸಬಾರದು.

## ಲಕ್ಷಣ: ಜಾಬ್ ಏನೂ ಹೇಳದೆ ನಿಂತು, ಆರು ಗಂಟೆಗೆ ಸಾಯುತ್ತದೆ

ಆರು ಗಂಟೆ ಗಿಟ್‌ಹಬ್ ಹೋಸ್ಟ್ ಮಾಡುವ ರನ್ನರ್‌ನಲ್ಲಿ ಒಂದು ಜಾಬ್‌ನ ಮಿತಿ. ಒಂದು ರ‍್ಯಾಂಕ್ ಎಕ್ಸೆಪ್ಷನ್‌ನಿಂದ ಬೇರೆ ದಾರಿ ಹಿಡಿದು, ಉಳಿದವು ಅದಕ್ಕಾಗಿ ಕಾಯುತ್ತಾ ಕೂತಿರುವುದು ಇದರ ಹಳೇ ಕಾರಣ. ಮೊದಲು ಜಾಬ್‌ಗೆ ಟೈಮ್‌ಔಟ್ ಹಾಕಿ, ಸಾಮಾನ್ಯ ಸಮಯದ ಎರಡು ಪಟ್ಟು ಸಾಕು. ಸಿಟೆಸ್ಟ್ ಒಂದು ಟೆಸ್ಟ್‌ಗೆ ತಾನಾಗಿ 1500 ಸೆಕೆಂಡ್ ಬಿಡುತ್ತದೆ, ಅದು ಜಾಸ್ತಿಯಾಯಿತು. ಪೈಟೆಸ್ಟ್‌ನಲ್ಲಿ ಫಾಲ್ಟ್‌ಹ್ಯಾಂಡ್ಲರ್ ಟೈಮ್‌ಔಟ್ ಕೊಟ್ಟರೆ ಎಲ್ಲಿ ಸಿಕ್ಕಿಕೊಂಡಿದೆ ಎಂಬ ಸ್ಟ್ಯಾಕ್ ಲಾಗ್‌ನಲ್ಲಿ ಬರುತ್ತದೆ. ರ‍್ಯಾಂಕ್ ಒಂದರಲ್ಲಿ ಹಿಡಿಯದ ದೋಷ ಬಂದರೆ ಎಂಪಿಐ ಅಬಾರ್ಟ್ ಕರೆಯುವಂತೆ ಕೋಡ್ ತಿದ್ದುವುದು ಕಾಯಂ ಪರಿಹಾರ.

## ಲಕ್ಷಣ: ಒಮ್ಮೆ ಕೆಂಪು, ಮತ್ತೆ ಓಡಿಸಿದರೆ ಹಸಿರು

ನನಗೆ ಅತಿ ಹೆಚ್ಚು ಕಳವಳ ತರುವ ಲಕ್ಷಣ ಇದು. ನಿಧಾನದ ಸಿಐಗೆ ಜನ ಬೈಯುತ್ತಾರೆ, ಆದರೂ ಅದರ ಮಾತು ಕೇಳುತ್ತಾರೆ. ಸುಮ್ಮಸುಮ್ಮನೆ ಕೆಂಪಾಗುವ ಸಿಐ ಮಾತನ್ನು ಯಾರೂ ಕೇಳುವುದಿಲ್ಲ. ನಿಜವಾದ ದೋಷ ಬಂದ ದಿನವೂ ಮತ್ತೆ ಓಡಿಸುವ ಬಟನ್ ಒತ್ತುತ್ತಾರೆ.

ಲಾಗ್ ನೋಡಿ ಬೇರ್ಪಡಿಸಿ. ಇಳಿಸಿಕೊಳ್ಳುವಾಗ ಬಿದ್ದರೆ ನೆಟ್‌ವರ್ಕ್, ಅಲ್ಲಿ ಮಾತ್ರ ಮರುಪ್ರಯತ್ನ ಹಾಕಬಹುದು. ಟೆಸ್ಟ್‌ಗಳ ಕ್ರಮ ಬದಲಿಸಿದಾಗ ಬಿದ್ದರೆ ಒಂದು ಟೆಸ್ಟ್ ಬಿಟ್ಟ ಫೈಲ್ ಅಥವಾ ಗ್ಲೋಬಲ್ ಇನ್ನೊಂದಕ್ಕೆ ತಗಲುತ್ತಿದೆ. ಯಾದೃಚ್ಛಿಕ ಸಂಖ್ಯೆ ಇದ್ದರೆ ಸೀಡ್ ಅಚ್ಚು ಹಾಕಿಸಿ.

ಉತ್ತರದ ಕೊನೆಯ ಅಂಕಿಗಳು ಮಾತ್ರ ಬೇರೆ ಬಂದರೆ? ಫ್ಲೋಟಿಂಗ್ ಪಾಯಿಂಟ್ ಕೂಡಿಕೆಯಲ್ಲಿ ಕ್ರಮ ಬದಲಾದರೆ ಮೊತ್ತ ಬದಲಾಗುತ್ತದೆ. ಥ್ರೆಡ್‌ಗಳು ಮುಗಿಯುವ ಕ್ರಮ ಪ್ರತಿ ಸಲ ಬೇರೆ. ರನ್ನರ್‌ನ ಸಿಪಿಯು ಬೇರೆಯಾದರೆ ಓಪನ್‌ಬ್ಲಾಸ್ ಬೇರೆ ಕರ್ನಲ್ (ಆ ಸಿಪಿಯುಗೆಂದು ಬರೆದ ಲೆಕ್ಕದ ಕೋಡ್) ಆರಿಸಿಕೊಳ್ಳಬಹುದು. ಇಲ್ಲಿ ಸರಿಸಮ ಎಂದು ಹೋಲಿಸುವುದೇ ತಪ್ಪು, ಸಹನೆಯ ಮಿತಿ ಬೇಕು. ಆದರೆ ಪಾಸ್ ಆಗುವ ತನಕ ಮಿತಿ ಸಡಿಲ ಮಾಡುತ್ತಾ ಹೋಗಬೇಡಿ. ಅಲ್ಗಾರಿದಂನ ದೋಷಮಿತಿ ಎಷ್ಟು ಎಂದು ಕೇಳಿ, ಅದರಿಂದ ಸಂಖ್ಯೆ ಪಡೆಯಿರಿ. ವ್ಯತ್ಯಾಸ ಕೊನೆಯ ಅಂಕಿಗಳಿಗಿಂತ ತುಂಬಾ ಮೇಲಿದ್ದರೆ ರೇಸ್ (ಎರಡು ಥ್ರೆಡ್ ಒಂದೇ ಮೆಮೊರಿಗೆ ಒಟ್ಟಿಗೆ ಕೈ ಹಾಕುವುದು) ಅಥವಾ ಆರಂಭಿಸದ ಮೆಮೊರಿ ಇರಬಹುದು. ಇವನ್ನು ಹಿಡಿಯುವ ಥ್ರೆಡ್ ಸ್ಯಾನಿಟೈಸರ್ ಮತ್ತು ವಾಲ್‌ಗ್ರೈಂಡ್ ಓಡಿಸಿ. ಇದು ಸಿಐ ದೋಷವಲ್ಲ, ನಿಮ್ಮ ವಿಜ್ಞಾನದ ಉತ್ತರವೇ ತಪ್ಪಿರಬಹುದು. ಮರ್ಜ್ ನಿಲ್ಲಿಸಿ.

‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಕೆಲವು ಸಲ ಮಾತ್ರ ಬೀಳುವುದು ಬೇರೆ ಜಾತಿ. ‘ಮಾರ್ಚ್ ನೇಟಿವ್’ (ಈ ಸಿಪಿಯುಗೇ ಹೊಂದುವಂತೆ ಕಟ್ಟು ಎಂಬ ಕಂಪೈಲರ್ ಆಯ್ಕೆ) ಹಾಕಿ ಒಂದು ಸಿಪಿಯು ಮೇಲೆ ಕಟ್ಟಿದ್ದು ಕ್ಯಾಶ್ ಮೂಲಕ ಹಳೆಯ ಸಿಪಿಯುಗೆ ಬಂದಿದೆ. ಸಿಐನಲ್ಲಿ ‘ನೇಟಿವ್’ ತೆಗೆದು ‘ಎಕ್ಸ್86-64-ವಿ3’ ಥರದ ನಿಗದಿತ ಗುರಿ ಬರೆಯಿರಿ. ಸ್ಪ್ಯಾಕ್ ಬಿಲ್ಡ್ ಕ್ಯಾಶ್‌ಗೂ ಇದೇ ಮಾತು.

## ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಜಿಪಿಯು ಟೆಸ್ಟ್, ನೂರಾರು ರ‍್ಯಾಂಕ್‌ನ ಟೆಸ್ಟ್ ಗಿಟ್‌ಹಬ್ ಹೋಸ್ಟ್ ಮಾಡುವ ಸಾಮಾನ್ಯ ರನ್ನರ್‌ನಲ್ಲಿ ಆಗುವುದಿಲ್ಲ. ಆಗ ನಿಮ್ಮದೇ ಕ್ಲಸ್ಟರ್‌ನಲ್ಲಿ ರನ್ನರ್ ಇಡುವ ಆಸೆ ಬರುತ್ತದೆ. ಪಬ್ಲಿಕ್ ರೆಪೊಸಿಟರಿಗೆ ಇದನ್ನು ನೀವೊಬ್ಬರೇ ಮಾಡಬೇಡಿ. ಯಾರೋ ಅಪರಿಚಿತರು ಫೋರ್ಕ್‌ನಿಂದ ಕಳಿಸಿದ ಕೋಡ್ ನಿಮ್ಮ ಖಾತೆಯ ಹಕ್ಕಿನಲ್ಲಿ ಕ್ಲಸ್ಟರ್ ಒಳಗೆ ಓಡುತ್ತದೆ. ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಬಳಸಿ ಸೀಕ್ರೆಟ್ ಜತೆ ಫೋರ್ಕ್‌ನ ಕೋಡ್ ಓಡಿಸುವುದೂ ಅಷ್ಟೇ ಅಪಾಯ. ಕ್ಲಸ್ಟರ್ ನೋಡಿಕೊಳ್ಳುವವರ ಹತ್ತಿರ ಹೋಗಿ. ಅಮೆರಿಕದ ಎಕ್ಸಾಸ್ಕೇಲ್ ಕಂಪ್ಯೂಟಿಂಗ್ ಪ್ರಾಜೆಕ್ಟ್‌ನಲ್ಲಿ ಬೆಳೆದ ಜಕಮಾರ್ ಸಿಐ ಇದಕ್ಕೆಂದೇ ಇದೆ. ಗಿಟ್‌ಲ್ಯಾಬ್ ಜಾಬನ್ನು ಅದನ್ನು ಶುರು ಮಾಡಿದವರ ಖಾತೆಯಲ್ಲೇ ಓಡಿಸುತ್ತದೆ.

ಸೀಕ್ರೆಟ್ ಲಾಗ್‌ನಲ್ಲಿ ಕಂಡರೆ ಲಾಗ್ ಅಳಿಸುವುದು ಎರಡನೇ ಕೆಲಸ. ಮೊದಲು ಆ ಕೀ ರದ್ದು ಮಾಡಿ ಹೊಸದು ಪಡೆಯಿರಿ, ಆಮೇಲೆ ತಂಡಕ್ಕೆ ತಿಳಿಸಿ.

ಸಹಾಯ ಕೇಳಲು ಹೋಗುವಾಗ ‘ಸಿಐ ನಿಧಾನ’ ಎಂದಷ್ಟೇ ಹೇಳಬೇಡಿ. ಮೊದಲು ಬರೆದುಕೊಂಡ ಆ ನಾಲ್ಕು ಸಂಖ್ಯೆ, ಸಿಸಿಕ್ಯಾಶ್ ಅಂಕಿ ಅಂಶ, ಒಂದು ಒಳ್ಳೆಯ ರನ್ ಮತ್ತು ಒಂದು ಕೆಟ್ಟ ರನ್‌ನ ಪೂರ್ತಿ ಲಾಗ್, ಎರಡರಲ್ಲೂ ಸಿಪಿಯು ಮಾದರಿ ಯಾವುದು, ಇವಿಷ್ಟನ್ನು ಜತೆಗೆ ಒಯ್ಯಿರಿ. ಸಿಪಿಯು ಮಾದರಿ ಅಚ್ಚು ಹಾಕುವ ಒಂದು ಸಾಲನ್ನು ಇವತ್ತೇ ಎಲ್ಲ ಜಾಬ್‌ಗಳ ಆರಂಭದಲ್ಲಿ ಸೇರಿಸಿಬಿಡಿ. ಬೇಕಾದಾಗ ಹಳೆಯ ಲಾಗ್‌ನಲ್ಲಿ ಅದು ಇರುವುದಿಲ್ಲ.